ತಲೆಕೆಳಗಾದ ಹೊಗೆ

ಹಂಚಿನ ಕಾರ್ಖಾನೆಯ ಮಾಲೀಕರೂ ಅದೇ ಊರಿನ ಶಾಲೆಯ ಹೆಡ್‌ಮಾಸ್ತರೂ ನಮ್ಮ ಪ್ರಯೋಗಾಲಯಕ್ಕೆ ಬಂದದ್ದು ಒಂದೇ ಬಸ್ಸಿನಲ್ಲಿ. ತಕರಾರು ಇದ್ದವರು ಹೀಗೆ ಜೊತೆಯಾಗಿ ಬಂದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಇಬ್ಬರೂ ಬಾಗಿಲಲ್ಲೇ ನಿಂತು, ಯಾರು ಮೊದಲು ಮಾತಾಡಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದರು.

ಎರಡು ಸಾವಿರದ ಇಸವಿ ಆಗಷ್ಟೇ ಶುರುವಾಗಿತ್ತು. ನಾನು ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕ. ನೀರು, ಗಾಳಿಗಳ ಹರಿವನ್ನು ಅಳೆಯುವ ಪ್ರಯೋಗಾಲಯ ನನ್ನ ಸುಪರ್ದಿನಲ್ಲಿತ್ತು. ಅದರ ನಿಜವಾದ ಯಜಮಾನಿಕೆ ಮಾತ್ರ ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕಿಯದು. ನನಗೂ ಪಾಠ ಹೇಳಿದ್ದವರು. ನಾವೆಲ್ಲ ಅವರನ್ನು ಬರೀ ‘ಮೇಡಮ್’ ಎನ್ನುತ್ತಿದ್ದೆವು. ಅವರದು ಮನೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

“ನಮ್ಮ ಭಟ್ಟಿ ಖಾನಾಪುರ ದಾಟಿ ಗುಂಜಿ ಕಡೆ ಹೋಗೂ ಹಾದ್ಯಾಗ ಐತ್ರಿ,” ಎಂದು ಮಾಲೀಕರು ಕೊನೆಗೆ ಬಾಯಿ ಬಿಟ್ಟರು. “ಅದರ ಹೊಗಿ ಸಾಲಿ ಮ್ಯಾಲ ಬರತೈತಿ ಅಂತ ಇವರ ತಕರಾರ. ತಕರಾರ ಖರೇ ಐತಿ, ನಾ ಇಲ್ಲ ಅನ್ನೂದಿಲ್ಲ.”

“ಮಧ್ಯಾಹ್ನದ ಗಾಳಿ ಬಿಟ್ಟಿತಂದ್ರ ಕಿಟಿಕಿ ಹಾಕ್ಕೊಂಡ ಕುಂದರತೀವ್ರಿ,” ಎಂದರು ಹೆಡ್‌ಮಾಸ್ತರು. “ಆದ್ರೂ ಹುಡುಗೂರು ಕೆಮ್ಮತಾವು. ಒಂದೆರಡು ಹುಡುಗೂರಿಗೆ ಉಬ್ಬಸ ಸುರು ಆಗೇತಿ. ಹಂಗಂತ ಭಟ್ಟಿ ಮುಚ್ಚರಿ ಅಂತ ನಾ ಹ್ಯಾಂಗ ಅನ್ನಲಿ? ನಮ್ಮ ಸಾಲಿ ಅರ್ಧಾ ಹುಡುಗೂರ ಅವ್ವ ಅಪ್ಪ ಅಲ್ಲೇ ದುಡೀತಾರ.”

ಊರವರು ಸಭೆ ಸೇರಿ, ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಹೊಗೆ ನಿಲ್ಲಬೇಕು, ಇಲ್ಲವಾದರೆ ಭಟ್ಟಿ ನಿಲ್ಲಬೇಕು ಎಂದು ತೀರ್ಮಾನಿಸಿದ್ದರು. ಚಿಮಣಿಯನ್ನು ಇದ್ದದ್ದರ ಮೂರು ಪಟ್ಟು ಎತ್ತರಿಸಿ ಎಂದು ಯಾರೋ ಹೇಳಿದ್ದರು. ಹಾಗೆ ಮಾಡಿದರೆ ಹಳೆಯ ತಳಪಾಯ ತಾಳುವುದಿಲ್ಲ, ಪೂರ್ತಿ ಕೆಡವಿ ಹೊಸದಾಗಿ ಕಟ್ಟಬೇಕು, ಅಷ್ಟು ಕಾಲ ಕೆಲಸ ನಿಲ್ಲುತ್ತದೆ ಎಂದು ಗಾರೆ ಕೆಲಸದ ಗವಂಡಿಗಳು ಹೇಳಿದ್ದರು. ಮಾಲೀಕರ ಪ್ರಶ್ನೆ ಒಂದೇ: “ಎಷ್ಟ ಎತ್ತರ ಮಾಡಿದ್ರ ಸಾಕು? ಅಷ್ಟ ಹೇಳ್ರಿ.”

ಮೇಡಮ್ ಅದಕ್ಕೆ ಉತ್ತರ ಕೊಡದೆ ತಾವೇ ಒಂದು ಪ್ರಶ್ನೆ ಹಾಕಿದರು. “ಗಾಳಿ ಜೋರಿದ್ದಾಗ ತ್ರಾಸ ಹೆಚ್ಚೋ, ಕಡಿಮಿ ಇದ್ದಾಗ ಹೆಚ್ಚೋ?”

“ಜೋರಿದ್ದಾಗ,” ಎಂದರು ಹೆಡ್‌ಮಾಸ್ತರು. “ಕಡಿಮಿ ಇದ್ದಾಗ,” ಎಂದರು ಮಾಲೀಕರು. ಎರಡೂ ಉತ್ತರ ಒಟ್ಟಿಗೇ ಬಂದವು.

ಮೇಡಮ್ ನಕ್ಕರು. “ಹಂಗಾದ್ರ ನಾ ಬಂದು ನೋಡಬೇಕು.”

ಆ ವಾರವೇ ಪ್ಯಾಸೆಂಜರ್ ರೈಲಿನಲ್ಲಿ ಹೋದೆವು. ಕಾರ್ಖಾನೆ ಎಂದರೆ ಉದ್ದನೆಯ ಒಂದು ಹಂಚಿನ ಶೆಡ್ಡು, ಅದಕ್ಕೆ ಅಂಟಿಕೊಂಡಂತೆ ಗುಮ್ಮಟದ ಭಟ್ಟಿ, ಅದರ ಬಾಜುವಿಗೆ ಇಟ್ಟಿಗೆಯ ಚಿಮಣಿ. ಹಸಿ ಹಂಚು ತುಂಬಿ, ಕಟ್ಟಿಗೆ ಹಾಕಿ, ಬೇಯಿಸಿ, ಆರಿಸಿ, ತೆಗೆದು, ಮತ್ತೆ ತುಂಬುವುದು. ಹೀಗೆ ಸರದಿಯ ಮೇಲೆ ನಡೆಯುವ ಭಟ್ಟಿ ಅದು. ಮೂಡಣಕ್ಕೆ ಒಂದಿಷ್ಟು ಗದ್ದೆ, ಗದ್ದೆಯ ಆಚೆ ಶಾಲೆ. ಮೇಡಮ್ ಒಂದು ಮಾವಿನ ಮರದ ಬುಡದಲ್ಲಿ ಕುಳಿತವರು ಮಧ್ಯಾಹ್ನ ಪೂರ್ತಿ ಏಳಲಿಲ್ಲ. ಸಂಜೆಯ ಹೊತ್ತಿಗೆ ಇಬ್ಬರ ಉತ್ತರಕ್ಕೂ ಕಾರಣ ಸಿಕ್ಕಿತ್ತು. ಗಾಳಿ ಕಡಿಮೆ ಇದ್ದಾಗ ಹೊಗೆ ದಪ್ಪಗೆ, ಕಪ್ಪಗೆ ಎದ್ದು ಕಾಣುತ್ತಿತ್ತು. ಮಾಲೀಕರು ಕಣ್ಣಿನಿಂದ ಅಳೆದಿದ್ದರು. ಗಾಳಿ ಜೋರಾದಾಗ ಅದು ತೆಳ್ಳಗಾಗಿ ಕಣ್ಣಿಗೆ ಕಾಣದಂತಾಗಿ ನೆಲದ ಹತ್ತಿರ ಹರಿಯುತ್ತಿತ್ತು. ಹೆಡ್‌ಮಾಸ್ತರು ಮೂಗಿನಿಂದ ಅಳೆದಿದ್ದರು.

ವಾಪಸು ಬರುವ ರೈಲಿನಲ್ಲಿ ನಾನು, ಬೇರೆ ಬೇರೆ ಗಾಳಿಯಲ್ಲಿ ಆ ಊರಿನಲ್ಲೇ ಅಳತೆ ತೆಗೆಯೋಣ ಎಂದೆ. ಅವರು ತಲೆ ಅಲ್ಲಾಡಿಸಿದರು. “ಗಾಳಿ ನಮ್ಮ ಮಾತು ಕೇಳೂದಿಲ್ಲ. ಬೆಂಕಿನೂ ಕೇಳೂದಿಲ್ಲ. ಎರಡೂ ನಮ್ಮ ಕೈಯಾಗ ಇರಬೇಕು. ಹೊಗಿನ್ನ ತಲಿಕೆಳಗ ಮಾಡೋಣು.”

ತಲೆಕೆಳಗು ಎಂದರೆ ಅಕ್ಷರಶಃ ತಲೆಕೆಳಗು. ಬಿಸಿ ಹೊಗೆ ತಣ್ಣನೆಯ ಗಾಳಿಗಿಂತ ಹಗುರ, ಅದಕ್ಕೇ ಏರುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಭಾರ, ಅದಕ್ಕೇ ಇಳಿಯುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಲೆಕ್ಕ ಒಂದೇ, ದಿಕ್ಕು ಮಾತ್ರ ಬೇರೆ. ನಮ್ಮಲ್ಲಿ ಗಾಜಿನ ಗೋಡೆಯ ಉದ್ದನೆಯ ಕಾಲುವೆ ಇತ್ತು. ಅದರಲ್ಲಿ ನೀರನ್ನು ನಿಶ್ಚಲವಾಗಿ ನಿಲ್ಲಿಸಿ, ಮೇಲಿನ ಹಳಿಗಳ ಮೇಲೆ ಒಂದು ಗಾಡಿ ಓಡಿಸಿ, ಗಾಡಿಗೆ ಕಟ್ಟಿದ ಕೊಳವೆಯಿಂದ ಬಣ್ಣದ ಉಪ್ಪುನೀರು ಬಿಡುವುದು. ಚಿಮಣಿ ನಿಂತು ಗಾಳಿ ಓಡಿದರೂ ಒಂದೇ, ಗಾಳಿ ನಿಂತು ಚಿಮಣಿ ಓಡಿದರೂ ಒಂದೇ.

ಆದರೆ ಗೇಣುದ್ದದ ಉಪ್ಪುನೀರು ಖಾನಾಪುರದ ಹೊಗೆಯ ಬಗ್ಗೆ ಏನು ಹೇಳೀತು? ಅದಕ್ಕೆ ಉತ್ತರ ಕಂಡುಕೊಳ್ಳಲು ಮೇಡಮ್ ನನ್ನನ್ನು ಕರಿಹಲಗೆಯ ಮುಂದೆ ನಿಲ್ಲಿಸಿದರು. ಘಟಕಗಳನ್ನಷ್ಟೇ ನೋಡಿ ಲೆಕ್ಕದ ರೂಪ ಕಂಡುಹಿಡಿಯುವ ಆಯಾಮ ವಿಶ್ಲೇಷಣೆಯನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಕಲಿಸುತ್ತಿದ್ದೆ. ಪರೀಕ್ಷೆಗೆ ಒಂದು ಪ್ರಶ್ನೆ ಗ್ಯಾರಂಟಿ ಬರುವ ಪಾಠ. ಅದರಿಂದ ಒಂದು ಕೆಲಸ ಆಗುವುದನ್ನು ನೋಡಿದ್ದು ಆ ದಿನವೇ ಮೊದಲು.

“ಹೊಗಿ ಎಷ್ಟು ಮ್ಯಾಲ ಹೋಗತದ ಅನ್ನೂದು ಯಾವುದರ ಮ್ಯಾಲ ನಿಂತದ? ಹೇಳು.”

ಭಟ್ಟಿಯ ಉಷ್ಣತೆ, ಚಿಮಣಿಯ ಅಗಲ, ಹೊಗೆಯ ವೇಗ, ಗಾಳಿಯ ವೇಗ, ದೂರ, ಗಾಳಿಯ ಸ್ನಿಗ್ಧತೆ ಅಂದರೆ ಜಿಗುಟು ಎಂದು ನಾನು ಹೇಳುತ್ತ ಹೋದೆ. ಅವರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಉಷ್ಣತೆ, ಅಗಲ, ಹೊಗೆಯ ವೇಗ ಮೂರನ್ನೂ ಒಂದು ಗೆರೆಯಿಂದ ಸುತ್ತಿದರು. ಸ್ವಲ್ಪ ದೂರ ಹೋದ ಹೊಗೆಗೆ ತಾನು ಯಾವ ಬಾಯಿಂದ ಬಂದೆ ಎನ್ನುವುದು ಮರೆತುಹೋಗಿರುತ್ತದೆ. ಒಂದು ಕ್ಷಣಕ್ಕೆ ಎಷ್ಟು ಹಗುರತನವನ್ನು ಚಿಮಣಿ ಹೊರಗೆ ಬಿಟ್ಟಿತು ಎಂಬುದಷ್ಟೇ ಅದಕ್ಕೆ ನೆನಪಿರುತ್ತದೆ ಎಂದರು. ಆ ಮೂರೂ ಸೇರಿ ಒಂದೇ ರಾಶಿಯಾಯಿತು. ಅದರ ಘಟಕ ಮೀಟರಿನ ನಾಲ್ಕನೆಯ ಘಾತ, ಭಾಗಿಸು ಸೆಕೆಂಡಿನ ಮೂರನೆಯ ಘಾತ.

ನಂತರ ಸ್ನಿಗ್ಧತೆಯ ಮೇಲೆ ಸೀಮೆಸುಣ್ಣದ ಕಡ್ಡಿ ಇಟ್ಟು ನಿಂತರು. ಹೊಗೆ ಸುರುಳಿ ಸುರುಳಿಯಾಗಿ, ದೊಡ್ಡ ಸುಳಿಯೊಳಗೆ ಸಣ್ಣ ಸುಳಿಯಾಗಿ ಏಳುತ್ತದಲ್ಲ, ಅದನ್ನು ನಾವು ಪ್ರಕ್ಷುಬ್ಧ ಹರಿವು ಎನ್ನುತ್ತೇವೆ. ಅಂಥ ಹರಿವಿನಲ್ಲಿ ಸುಳಿಗಳೇ ಎಲ್ಲವನ್ನೂ ಬೆರೆಸುತ್ತವೆ. ದ್ರವದ ಜಿಗುಟಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಹಾಗಾಗಿ ಅದನ್ನು ಬಿಟ್ಟುಬಿಡಬಹುದು. “ಆದ್ರ ನೆನಪಿಡು, ಇದನ್ನ ಹೊಡದು ಹಾಕೂದು ಪುಕ್ಕಟ ಅಲ್ಲ. ನಮ್ಮ ಕಾಲುವೆಯೊಳಗೂ ಹರಿವು ಹಂಗ ಇರಬೇಕು,” ಎಂದು ಹೇಳಿ ಅಳಿಸಿದರು.

ಉಳಿದದ್ದು ಸ್ವಲ್ಪವೇ. ಗಾಳಿಗೆ ಬಾಗಿದ ಹೊಗೆಯನ್ನು ರೊಟ್ಟಿಯ ಸುರುಳಿಯಂತೆ ತುಂಡು ತುಂಡಾಗಿ ಯೋಚಿಸಿದರೆ, ಒಂದೊಂದು ತುಂಡಿನ ಪಾಲಿಗೆ ಬರುವ ಹಗುರತನ ಎಂದರೆ ಒಟ್ಟು ರಾಶಿಯನ್ನು ಗಾಳಿಯ ವೇಗದಿಂದ ಭಾಗಿಸಿದಷ್ಟು. ಅದರ ಘಟಕ ಮೀಟರಿನ ಘನ, ಭಾಗಿಸು ಸೆಕೆಂಡಿನ ವರ್ಗ. ನಮಗೆ ಬೇಕಾದ ಎತ್ತರದ ಘಟಕ ಬರೀ ಮೀಟರು. ಸೆಕೆಂಡುಗಳನ್ನು ಹೊಡೆದುಹಾಕಲು ಕಳೆದ ಸಮಯದ (ಅಂದರೆ ದೂರವನ್ನು ಗಾಳಿಯ ವೇಗದಿಂದ ಭಾಗಿಸಿದ್ದರ) ವರ್ಗದಿಂದ ಗುಣಿಸಬೇಕು, ಉಳಿದ ಘನಕ್ಕೆ ಘನಮೂಲ ತೆಗೆಯಬೇಕು. ಬೇರೆ ದಾರಿಯೇ ಇಲ್ಲ. ಅಂದರೆ ಹೊಗೆಯ ಎತ್ತರ ಸಮಯದ ಮೂರನೇ ಎರಡರ ಘಾತದಲ್ಲಿ ಬೆಳೆಯಬೇಕು.

ಹಲಗೆಯ ಮೇಲೆ ಒಂದೂ ಸಮೀಕರಣವನ್ನು ಬಿಡಿಸಿರಲಿಲ್ಲ. ಮೀಟರು, ಸೆಕೆಂಡುಗಳನ್ನು ಎಣಿಸಿದ್ದಷ್ಟೇ. ಇಷ್ಟು ಸುಲಭವಾಗಿ ಸಿಕ್ಕಿದ್ದನ್ನು ನಂಬುವುದು ಹೇಗೆ ಎಂದು ಕೇಳಿದೆ.

“ನಂಬಬ್ಯಾಡ,” ಎಂದರು. “ಘಟಕ ಆಕಾರ ಹೇಳತದ, ಸಂಖ್ಯಾ ಹೇಳೂದಿಲ್ಲ. ಅದರ ಮುಂದ ಒಂದು ಸ್ಥಿರಾಂಕ ಕುಂತದ. ಅದು ಎಷ್ಟು ಅಂತ ನೀರು ಹೇಳಬೇಕು. ಆಕಾರ ಖರೇನೋ ಸುಳ್ಳೋ ಅನ್ನೂದನ್ನೂ ನೀರೇ ಹೇಳಬೇಕು. ಹೋಗು, ಉಪ್ಪು ತಗೊಂಡು ಬಾ.”

ಹರಳುಪ್ಪಿನ ಚೀಲ ಬಂತು. ನೇರಳೆ ಬಣ್ಣಕ್ಕೆ ರಸಾಯನಶಾಸ್ತ್ರದ ವಿಭಾಗದಿಂದ ಪರ್ಮ್ಯಾಂಗನೇಟ್ ಬಂತು. ಮೊದಲ ತೊಡಕು ಗಾಡಿಯದು. ಅದನ್ನು ಎಳೆಯುತ್ತಿದ್ದ ಮೋಟಾರು ಜಗ್ಗಿ ಜಗ್ಗಿ ಓಡುತ್ತಿತ್ತು. ಕಾಲುವೆಯಲ್ಲಿ ನೇರಳೆ ಹೊಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ನಮ್ಮ ವರ್ಕ್‌ಶಾಪಿನ ಇನ್‌ಸ್ಟ್ರಕ್ಟರು ನೇಕಾರರ ಬಡಾವಣೆಯಾದ ವಡಗಾವಿಯವರು. “ನಮ್ಮ ಓಣ್ಯಾಗ ಮಗ್ಗದ ರಿಪೇರಿ ಅಂಗಡಿ ಐತ್ರಿ, ನೂಲು ಸುತ್ತೂ ಮಷೀನಿನ ಹಳೇ ಗಿಯರ್ ಸಿಗಬಹುದು,” ಎಂದರು. ಮೇಡಮ್ ಅವರನ್ನು ಕಳಿಸಿ ಸುಮ್ಮನಾಗಲಿಲ್ಲ, ನಮ್ಮಿಬ್ಬರನ್ನೂ ಕರೆದುಕೊಂಡು ತಾವೇ ಹೋದರು. ಆಟೋ ಹೋಗದ ಓಣಿ. ಎರಡೂ ಕಡೆ ಮಗ್ಗದ ಸದ್ದು. ಅಂಗಡಿಯಲ್ಲಿ ಹಳೆಯ ಗಿಯರ್ ಪೆಟ್ಟಿಗೆಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ, ಕಣ್ಣು ಮುಚ್ಚಿ, ಎಲ್ಲಿ ಸಡಿಲಿದೆ ಎಂದು ಬೆರಳಿನಿಂದ ನೋಡಿದರು. ಸೀರೆಯ ಸೆರಗಿಗೆ ಗ್ರೀಸು ಹತ್ತಿತು. ತಂದ ಪೆಟ್ಟಿಗೆಗೆ ನೂಲಿನ ಹುರಿ ಸುತ್ತಿ ಗಾಡಿ ಎಳೆದಾಗ ಅದು ನೀರಿನ ಮೇಲೆ ತಟ್ಟೆ ತೇಲಿದ ಹಾಗೆ ಹೋಯಿತು.

ಎರಡನೆಯ ತೊಡಕು ಇನ್ನೂ ಗಟ್ಟಿಯಾಗಿತ್ತು. ಉಪ್ಪುನೀರು ಬಿಡಲು ನಾನು ಆಸ್ಪತ್ರೆಯ ಸಲೈನ್ ನಳಿಕೆ ಕಟ್ಟಿದ್ದೆ. ಹನಿಯ ಲೆಕ್ಕ ಸರಿಯಾಗಿ ಸಿಗುತ್ತದೆ ಎಂಬುದು ನನ್ನ ಯೋಚನೆ. ಗಾಜಿನ ಹಿಂದೆ ಚೌಕಳಿಯ ಹಾಳೆ ಅಂಟಿಸಿ ಫೋಟೋ ತೆಗೆದು, ಸ್ಟುಡಿಯೋದಲ್ಲಿ ತೊಳೆಸಿ ತಂದು, ಘಾತವು ಗೆರೆಯ ಓರೆಯಾಗಿ ಕಾಣುವ ಲಾಗ್ ಕಾಗದದ ಮೇಲೆ ಬಿಂದುಗಳನ್ನು ಗುರುತಿಸಿದರೆ ಒಂದು ಓಟದ ಬಿಂದು ಒಂದು ಗೆರೆಯಲ್ಲಿ, ಇನ್ನೊಂದರದು ಇನ್ನೊಂದರಲ್ಲಿ. ವೇಗ ಬದಲಿಸಿದರೆ ಓರೆ ಬದಲಾಗುತ್ತಿತ್ತು. ಮೂರನೇ ಎರಡು ಎಲ್ಲೂ ಕಾಣಲಿಲ್ಲ. ಪ್ರತಿ ಓಟದ ನಂತರ ಕಾಲುವೆಯ ನೀರು ಬದಲಿಸಬೇಕು, ನಗರದಲ್ಲಿ ನಲ್ಲಿಗೆ ನೀರು ಬರುವುದೇ ದಿನ ಬಿಟ್ಟು ದಿನ. ಅಷ್ಟರಲ್ಲಿ ಬೇಸಿಗೆಯೂ ಕಾಲಿಟ್ಟಿತ್ತು. ಉಪ್ಪುನೀರು ತಳಕ್ಕೆ ಕೂರುವ ತನಕ ಕಾದು, ತಳದ ತೂಬಿನಿಂದ ನೇರಳೆ ಪದರವನ್ನಷ್ಟೇ ಮೆಲ್ಲಗೆ ಬಿಟ್ಟು, ಮೇಲಿನ ನೀರು ಉಳಿಸಿಕೊಳ್ಳುವುದನ್ನು ಮೇಡಮ್ ತೋರಿಸಿಕೊಟ್ಟರು. ಆದರೂ ದಿನಕ್ಕೆ ಒಂದೆರಡು ಓಟಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ಹಾಳೆ, ಫೋಟೋ ಎಲ್ಲ ಬದಿಗಿಟ್ಟು ಗಾಜಿಗೆ ಮೂಗು ಹಚ್ಚಿ ನಿಂತರು. ನಾನು ಗಾಡಿ ಬಿಟ್ಟೆ. ನೇರಳೆ ನೀರು ನಳಿಕೆಯಿಂದ ಹೊರಟು, ನಯವಾಗಿ, ಒಂದೂ ಸುಳಿ ಇಲ್ಲದೆ ದಾರದ ಹಾಗೆ ಇಳಿಯಿತು.

“ಇದು ಹೊಗಿ ಹಂಗ ಅದ ಏನು?”

ನನಗೆ ಆಗ ಹೊಳೆಯಿತು. ಹಲಗೆಯ ಮೇಲೆ ಸ್ನಿಗ್ಧತೆಯನ್ನು ಅಳಿಸಿದ್ದೆವು. ನೀರಿನಿಂದ ಅಳಿಸಿರಲಿಲ್ಲ. ಅಷ್ಟು ಸಣ್ಣ ನಳಿಕೆಯಲ್ಲಿ ಜಿಗುಟೇ ಯಜಮಾನ.

ಬೆರಳಿನಷ್ಟು ದಪ್ಪದ ಕೊಳವೆ ಹಾಕಿದೆವು, ಹರಿವು ಹೆಚ್ಚಿಸಿದೆವು. ಅದರ ಬಾಯಿಗೆ ಇನ್‌ಸ್ಟ್ರಕ್ಟರು ಚಹಾ ಸೋಸುವ ಜಾಲರಿಯ ತುಂಡು ಕತ್ತರಿಸಿ ಕೂರಿಸಿದರು, ಹೊರಡುವಾಗಲೇ ನೀರು ಕದಡಿಕೊಳ್ಳಲಿ ಎಂದು. ಈ ಸಲ ಕಾಲುವೆಯಲ್ಲಿ ಇಳಿದದ್ದು ಖರೇ ಹೊಗೆ. ಉಬ್ಬಿ, ಮಡಚಿ, ತನ್ನೊಳಗೇ ತಿರುಗುತ್ತ, ಅಕ್ಕಪಕ್ಕದ ನೀರನ್ನು ನುಂಗುತ್ತ ಇಳಿಯಿತು. ಬೇರೆ ಬೇರೆ ವೇಗ, ಬೇರೆ ಬೇರೆ ಉಪ್ಪು. ಎಲ್ಲ ಬಿಂದುಗಳನ್ನು, ಘಟಕ ಉಳಿಯದಂತೆ ಭಾಗಿಸಿ, ಲಾಗ್ ಕಾಗದದ ಮೇಲೆ ಹಾಕುತ್ತ ಹೋದೆ. ಅವು ಒಂದರ ಮೇಲೊಂದು ಒಂದೇ ಗೆರೆಗೆ ಬಂದು ಕೂತವು. ಓರೆಯನ್ನು ಅಳೆಯಲು ಸ್ಕೇಲು ಇಟ್ಟೆ. ಅಡ್ಡಕ್ಕೆ ಮೂರು, ಉದ್ದಕ್ಕೆ ಎರಡು. ಮೀಟರು, ಸೆಕೆಂಡು ಎಣಿಸಿ ಹೇಳಿದ್ದೇ ನೀರಿನಲ್ಲಿ ಬಂದಿತ್ತು. ಇದು ಪುಸ್ತಕಗಳಲ್ಲಿ ಹಿಂದೆಯೇ ಇದ್ದ ನಿಯಮ ಎಂದು ನನಗೆ ಆಮೇಲೆ ತಿಳಿಯಿತು. ಮೇಡಮ್‌ಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದ್ದಕ್ಕೆ, “ಗೊತ್ತಿತ್ತು. ನಿನಗ ಗೊತ್ತಿರಲಿಲ್ಲಲ್ಲ,” ಎಂದರು.

ಸ್ಥಿರಾಂಕ ಸಿಕ್ಕಿತು. ಇನ್ನು ಚಿಮಣಿಯ ಎತ್ತರ ಹೇಳುವುದು ಒಂದು ಗುಣಾಕಾರದ ಕೆಲಸ ಎಂದುಕೊಂಡೆ. ಮೇಡಮ್ ಮಾತ್ರ ಮೊದಲು ಖಾನಾಪುರದಲ್ಲಿ ಒರೆಗೆ ಹಚ್ಚಬೇಕು ಎಂದು ಪಟ್ಟು ಹಿಡಿದರು. ಚಿಮಣಿಯ ಬುಡದಲ್ಲಿ ತೂತು ಕೊರೆದು ಒಳಗಿನ ಉಷ್ಣತೆ, ವೇಗ ಅಳೆದೆವು. ಬಿದಿರಿನ ತುದಿಗೆ ಬಟ್ಟಲುಗಳ ಗಾಳಿಮಾಪಕ ಕಟ್ಟಿದೆವು. ಗದ್ದೆಯ ಬದುವಿನಲ್ಲಿ ನಿಂತು ನಾನು ಫೋಟೋ ತೆಗೆದೆ. ಚಿಮಣಿಯ ಎತ್ತರವೇ ನಮ್ಮ ಅಳತೆಗೋಲು.

ಬೆಳಗಿನ ಫೋಟೋಗಳ ಬಿಂದುಗಳು ನಮ್ಮ ಗೆರೆಯ ಮೇಲೆಯೇ ಬಿದ್ದವು. ಗೇಣುದ್ದದ ಉಪ್ಪುನೀರೂ ಗದ್ದೆ ದಾಟುವ ಹೊಗೆಯೂ ಒಂದೇ ಗೆರೆಯ ಮೇಲೆ! ಆ ಖುಷಿ ಮಧ್ಯಾಹ್ನದ ರೋಲು ತೊಳೆಸುವ ತನಕ ಮಾತ್ರ. ಪಡುವಣ ಗಾಳಿ ಜೋರಾದಾಗಿನ ಬಿಂದುಗಳು ಗೆರೆಗಿಂತ ಎಷ್ಟೋ ಕೆಳಗಿದ್ದವು. ಹೊಗೆ ಚಿಮಣಿಯ ಬಾಯಿ ಬಿಟ್ಟು ಏರುವ ಬದಲು ಶೆಡ್ಡಿನ ಬೆನ್ನಿಗೆ ಇಳಿದು, ಅಲ್ಲಿಂದ ತೆವಳುತ್ತ ಶಾಲೆಯ ಕಡೆ ಹೊರಟಿತ್ತು. ಮಕ್ಕಳು ಕೆಮ್ಮುತ್ತಿದ್ದದ್ದು ಆ ಹೊತ್ತಿನಲ್ಲೇ. ನಮ್ಮ ನಿಯಮ ಬೇಡವಾದಾಗ ಸರಿಯಾಗಿತ್ತು, ಬೇಕಾದಾಗ ತಪ್ಪಾಗಿತ್ತು.

ಶಾಲೆಯ ಪರೀಕ್ಷೆಗಳು ಮುಗಿದು ರಜೆ ಶುರುವಾಗಿತ್ತು. ಮಾಲೀಕರು ಎರಡು ಸಲ ಫೋನು ಮಾಡಿದ್ದರು, ಗವಂಡಿಗಳು ಬೇರೆ ಕೆಲಸಕ್ಕೆ ಹೋಗುತ್ತಾರೆ ಎಂದು. ನಾನು ಒಂದು ಉಪಾಯ ಹುಡುಕಿದೆ. “ಮೇಡಮ್, ಸ್ಥಿರಾಂಕ ಅರ್ಧಾ ಮಾಡಿದ್ರ ಮಧ್ಯಾಹ್ನದ ಬಿಂದು ಗೆರಿ ಮ್ಯಾಲ ಕುಂದರತಾವ್ರಿ. ಅದರ ಪ್ರಕಾರ ಚಿಮಣಿ ಎತ್ತರಾ ಹೇಳಿಬಿಡೋಣ್ರಿ. ಹೆಚ್ಚೇ ಆಗತೈತಿ, ಕಡಿಮಿ ಆಗೂದಿಲ್ಲ.”

“ಕುಂದರತಾವ, ಖರೇ,” ಎಂದರು ಅವರು. “ಆದ್ರ ಮುಂಜಾನಿ ಬಿಂದು ಎದ್ದು ಹೋಗತಾವಲ್ಲಪಾ.”

ಬೆಳಗಿನ ಬಿಂದುಗಳ ಮೇಲೆ ಬೆರಳಿಟ್ಟು ಮತ್ತೆ ಹೇಳಿದರು. “ಸ್ಥಿರಾಂಕ ಅಂದ್ರ ನಮ್ಮ ಅನುಕೂಲಕ್ಕ ತಿರುಗಿಸೋ ನಳ ಅಲ್ಲ. ನೀರು ಹೇಳಿದ ಸಂಖ್ಯಾ ಸರಿ ಅದ. ನಾವು ಬರದ ಪಟ್ಟಿಯೊಳಗ ಏನೋ ಬಿಟ್ಟೀವಿ. ಅದು ಸಿಗೂ ತನಕ ಒಂದು ಇಟ್ಟಂಗಿ ಇಡೂದೂ ಬ್ಯಾಡ.”

ಅವರೇ ಖಾನಾಪುರಕ್ಕೆ ಫೋನು ಮಾಡಿ, ಇನ್ನೂ ಕಾಯಿರಿ ಎಂದರು. ಆ ಕಡೆಯಿಂದ ದೊಡ್ಡ ದನಿ ಕೇಳುತ್ತಿತ್ತು. ಮೇಡಮ್ ಪೂರ್ತಿ ಕೇಳಿಸಿಕೊಂಡು, “ತಪ್ಪ ಎತ್ತರ ಲಗೂನ ಹೇಳೋದಕ್ಕಿಂತ ಬರೋಬ್ಬರಿ ಎತ್ತರ ತಡಾ ಮಾಡಿ ಹೇಳತೀನ್ರಿ,” ಎಂದು ಫೋನಿಟ್ಟರು. ಆ ತೀರ್ಮಾನ ಸುಲಭದ್ದಲ್ಲ ಎಂದು ನನಗೆ ಅವರ ಮುಖದಲ್ಲಿ ಕಂಡಿತು. ಶಾಲೆ ತೆರೆಯುವ ಹೊತ್ತಿಗೆ ಉತ್ತರ ಸಿಗದಿದ್ದರೆ ಭಟ್ಟಿ ಮುಚ್ಚುತ್ತಿತ್ತು, ಅದರ ಹೊಣೆ ಈ ಫೋನಿನ ಮಾತಿನ ಮೇಲೆ ಬರುತ್ತಿತ್ತು.

ಬಿಟ್ಟದ್ದು ಏನೆಂದು ಫೋಟೋಗಳೇ ಹೇಳುತ್ತಿದ್ದವು. ಕಾಲುವೆಯಲ್ಲಿ ಬರೀ ಚಿಮಣಿ ಇತ್ತು; ಊರಲ್ಲಿ ಚಿಮಣಿಯ ಪಕ್ಕದಲ್ಲೇ ಶೆಡ್ಡು ಇತ್ತು. ಗಾಳಿ ಶೆಡ್ಡಿನ ಚಾವಣಿ ಹಾರಿ ಆಚೆ ಬದಿಗೆ ಮಗುಚಿಕೊಳ್ಳುವಾಗ ಅಲ್ಲೊಂದು ದೊಡ್ಡ ಸುಳಿ ಏಳುತ್ತದೆ. ಚಿಮಣಿ ಶೆಡ್ಡಿಗಿಂತ ಸ್ವಲ್ಪವೇ ಎತ್ತರ. ಗಾಳಿ ಕಡಿಮೆ ಇದ್ದಾಗ ಹೊಗೆ ಆ ಸುಳಿಯನ್ನು ಮೀರಿ ಏರುತ್ತಿತ್ತು. ಜೋರಾದಾಗ ಸುಳಿಯ ಬಾಯಿಗೆ ಬೀಳುತ್ತಿತ್ತು. ಮೇಡಮ್ ಹಲಗೆಯ ಮೇಲೆ ಶೆಡ್ಡಿನ ಎತ್ತರ ಎಂದು ಬರೆದರು. ಈಗ ಹೊಸದೊಂದು ಶುದ್ಧ ಸಂಖ್ಯೆ ಹುಟ್ಟಿತು: ಚಿಮಣಿಯ ಎತ್ತರ ಶೆಡ್ಡಿನ ಎತ್ತರದ ಎಷ್ಟು ಪಟ್ಟು. ಎರಡೂ ಮೀಟರು, ಭಾಗಿಸಿದರೆ ಘಟಕವೇ ಇಲ್ಲ. ಅದು ಊರಿಗೂ ಕಾಲುವೆಗೂ ಒಂದೇ.

ಇನ್‌ಸ್ಟ್ರಕ್ಟರು ತೆಳು ಹಲಗೆಯಿಂದ ಪುಟ್ಟ ಶೆಡ್ಡು ಮಾಡಿದರು. ನೀರಿನ ಮೇಲ್ಮೈಯಲ್ಲಿ ಒಂದು ಅಗಲ ಹಲಗೆಯ ಪಾಟಿಯನ್ನು ನೆಲವಾಗಿಸಿ, ಅದಕ್ಕೆ ಶೆಡ್ಡನ್ನೂ ಚಿಮಣಿಯನ್ನೂ ತಲೆಕೆಳಗಾಗಿ ತೂಗುಹಾಕಿ, ಎಲ್ಲವನ್ನೂ ಒಟ್ಟಿಗೆ ಗಾಡಿಗೆ ಕಟ್ಟಿದೆವು. ಮೊದಲ ಓಟದಲ್ಲೇ ನೇರಳೆ ನೀರು ಶೆಡ್ಡಿನ ಬೆನ್ನಿನ ಸೆಳೆತಕ್ಕೆ ಸಿಕ್ಕಿ ಪಾಟಿಗೆ ಮೆತ್ತಿಕೊಂಡಿತು. ಖಾನಾಪುರದ ಮಧ್ಯಾಹ್ನ ನಮ್ಮ ಕಣ್ಣೆದುರಿಗೆ ತಲೆಕೆಳಗಾಗಿ ನಡೆಯುತ್ತಿತ್ತು.

ಹಿಂದಿನ ಪಾಠ ಈ ಸಲ ನಾನು ಮರೆಯಲಿಲ್ಲ. ಇಷ್ಟು ಸಣ್ಣ ಶೆಡ್ಡಿನ ಹಿಂದಿನ ಸುಳಿ ದೊಡ್ಡ ಶೆಡ್ಡಿನ ಸುಳಿಯ ಹಾಗೆಯೇ ಇರುತ್ತದೆಯೇ? ಕೇಳಬೇಕೆಂದು ಅವರ ಕಡೆ ತಿರುಗಿದರೆ ಅವರು ನನ್ನನ್ನೇ ನೋಡುತ್ತಿದ್ದರು. “ಕೇಳು, ಕೇಳು,” ಎಂದರು. ಕೇಳಿದೆ. ಅದರ ಎರಡು ಪಟ್ಟಿನ ಇನ್ನೊಂದು ಶೆಡ್ಡು ಮಾಡಿಸಿ, ವೇಗಗಳನ್ನೂ ಬದಲಿಸಿ ಓಡಿಸಿದೆವು. ಸುಳಿಯ ಆಕಾರ ಬದಲಾಗಲಿಲ್ಲ. ಇಲ್ಲೂ ಜಿಗುಟು ಆಟದಿಂದ ಹೊರಗಿತ್ತು.

ಆಮೇಲೆ ಚಿಮಣಿಯನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತ ಹೋದೆವು. ಒಂದು ಹಂತದಲ್ಲಿ ಬಣ್ಣ ಅರ್ಧ ಸುಳಿಗೆ ಬಿದ್ದು ಅರ್ಧ ಪಾರಾಯಿತು. ಇನ್ನೂ ಉದ್ದ ಮಾಡಿ, ಶೆಡ್ಡಿನ ಎತ್ತರದ ಎರಡೂವರೆ ಪಟ್ಟಿನ ಸುಮಾರಿಗೆ ಬಂದಾಗ ನೇರಳೆ ಹೊಗೆ ಸುಳಿಯನ್ನು ಮುಟ್ಟದೆ ದಾಟಿತು, ದಾಟಿ ನಮ್ಮ ಹಳೆಯ ಗೆರೆಯನ್ನೇ ಹಿಡಿಯಿತು. ಅದು ಇದ್ದ ಚಿಮಣಿಯ ಸುಮಾರು ಎರಡು ಪಟ್ಟು ಅಷ್ಟೇ; ಮೂರು ಪಟ್ಟು ಎತ್ತರಿಸುವುದು ಬೇಡವೇ ಬೇಡ. ಇದ್ದ ಇಟ್ಟಿಗೆ ಚಿಮಣಿಯ ಮೇಲೆ ಕಬ್ಬಿಣದ ತಗಡಿನ ಕೊಳವೆ ಏರಿಸಿ, ತಂತಿಗಳಿಂದ ನಾಲ್ಕೂ ಕಡೆ ಬಿಗಿದರೆ ಸಾಕಿತ್ತು. ಕಟ್ಟಡಗಳ ಲೆಕ್ಕ ನೋಡುವ ಸಹೋದ್ಯೋಗಿ, ಹಳೆಯ ತಳಪಾಯಕ್ಕೆ ಅಷ್ಟು ಭಾರ ಏನೂ ಅಲ್ಲ ಎಂದರು.

ಮೇ ತಿಂಗಳ ಕೊನೆಗೆ ಮಾಲೀಕರೂ ಹೆಡ್‌ಮಾಸ್ತರೂ ಮತ್ತೆ ಬಂದರು. ಮೇಡಮ್ ಕಾಲುವೆಯಲ್ಲಿ ಎರಡು ಓಟ ತೋರಿಸಿದರು, ಹಳೆಯ ಚಿಮಣಿಯದು ಒಂದು, ಹೊಸದರದು ಒಂದು. ಹೆಡ್‌ಮಾಸ್ತರು ಗಾಜಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ನೇರಳೆ ನೀರು ಶೆಡ್ಡಿನ ಹಿಂದೆ ಪಾಟಿಗೆ ಮೆತ್ತಿಕೊಂಡದ್ದನ್ನು ನೋಡಿ, “ಇದ ನೋಡ್ರಿ, ಇದ! ಇದನ್ನ ಇಷ್ಟ ವರ್ಷ ಕುಡದೀವಿ,” ಎಂದರು. ಮಾಲೀಕರ ಮುಖ ಅರಳಿತ್ತು. ಮೇಡಮ್ ಆಗ ಇನ್ನೊಂದು ಮಾತು ಹೇಳಿದರು.

“ಗಾಳಿ ಒಂದು ಮಿತಿ ದಾಟಿತಂದ್ರ ಈ ಚಿಮಣಿನೂ ಸಾಲೂದಿಲ್ಲ. ಮಳೆಗಾಲದ ಸುರುವಾತಿಗೆ ಅಂಥಾ ಕೆಲವು ದಿನ ಬರತಾವ. ಕಂಬಕ್ಕ ಬಾವುಟದ ಹಂಗ ಒಂದು ಅರಿವಿ ಕಟ್ಟರಿ. ಅದು ಪೂರ್ತಾ ಅಡ್ಡ ನಿಂತು ಬಡಕೊಳ್ಳಿಕ್ಕೆ ಹತ್ತಿದ್ರ ಅವತ್ತು ಭಟ್ಟಿ ಹಚ್ಚಬ್ಯಾಡ್ರಿ.”

ಮಾಲೀಕರ ಮುಖ ಬದಲಾಯಿತು. “ಅಂದ್ರ ಇಷ್ಟೆಲ್ಲಾ ಮಾಡಿನೂ ನೀವು ಗ್ಯಾರಂಟಿ ಕೊಡೂದಿಲ್ಲೇನ್ರಿ? ಈ ಮಾತ ಬರದು ಕೊಟ್ಟರ ಊರಾಗ ನನ್ನ ಕುತಿಗಿ ಹಿಡೀತಾರ. ಅದೊಂದು ಬಿಟ್ಟುಬಿಡ್ರಿ.”

“ಬಿಡೂದಿಲ್ಲ,” ಎಂದರು ಮೇಡಮ್. ದನಿ ಏರಿಸಲಿಲ್ಲ. “ಗಾಳಿಗೆ ನಾ ಗ್ಯಾರಂಟಿ ಕೊಡಲಾರೆ. ನನಗ ಎಲ್ಲಿ ತನಕ ಗೊತ್ತದ, ಅಲ್ಲಿ ತನಕ ಹೇಳತೀನಿ. ಎಲ್ಲಿಂದ ಗೊತ್ತಿಲ್ಲ, ಅದನ್ನೂ ಹೇಳತೀನಿ. ಎರಡೂ ಬೇಕಂದ್ರ ತಗೋರಿ, ಇಲ್ಲಂದ್ರ ಒಂದೂ ಬ್ಯಾಡ.”

ಮಾಲೀಕರು ಎದ್ದು ಹೊರಗೆ ಹೋದರು. ಹೆಡ್‌ಮಾಸ್ತರು ಅವರ ಹಿಂದೆಯೇ ಹೋದರು. ಕಾಲೇಜಿನ ಗೇಟಿನ ಹತ್ತಿರ ಇಬ್ಬರೂ ಬಹಳ ಹೊತ್ತು ನಿಂತು ಮಾತಾಡುವುದು ಕಿಟಕಿಯಿಂದ ಕಾಣುತ್ತಿತ್ತು. ಕೈ ಬೀಸುತ್ತಿದ್ದವರು ಮಾಲೀಕರು, ಹೆಗಲ ಮೇಲೆ ಕೈ ಇಟ್ಟವರು ಹೆಡ್‌ಮಾಸ್ತರು. ಮರಳಿ ಬಂದ ಮಾಲೀಕರು ಕುರ್ಚಿಯಲ್ಲಿ ಕೂರಲಿಲ್ಲ. “ಆಯ್ತ್ರಿ ಬಾಯಾರ, ಬರೀರಿ,” ಎಂದಷ್ಟೇ ಮೇಡಮ್‌ಗೆ ಹೇಳಿದರು.

ತಗಡಿನ ಕೊಳವೆ ಏರಿತು. ಶಾಲೆ ತೆರೆದ ವಾರವೇ ಭಟ್ಟಿಗೆ ಮೊದಲ ಬೆಂಕಿ. ಮಳೆ ಇನ್ನೂ ಹಿಡಿದಿರಲಿಲ್ಲ, ಪಡುವಣ ಗಾಳಿ ಮಾತ್ರ ಜೋರಿತ್ತು. ನಾವಿಬ್ಬರೂ ಶಾಲೆಯ ಅಂಗಳದಲ್ಲಿ ನಿಂತಿದ್ದೆವು. ಅರ್ಧ ಊರು ಅಲ್ಲಿತ್ತು. ಹಸಿ ಕಟ್ಟಿಗೆಯ ಮೊದಲ ಹೊಗೆ ಬಂತು, ಬಾಗಿತು, ಒಂದು ಗಳಿಗೆ ಶೆಡ್ಡಿನ ಕಡೆಗೇ ವಾಲಿದಂತೆ ಕಂಡಿತು. ಆಮೇಲೆ ಅದು ತನ್ನಷ್ಟಕ್ಕೆ ಉಬ್ಬಿಕೊಳ್ಳುತ್ತ, ಏರುತ್ತ, ನಮ್ಮೆಲ್ಲರ ತಲೆಯ ಮೇಲೆ ಎತ್ತರದಲ್ಲಿ ದಾಟಿ ಕಾಡಿನ ಕಡೆ ಹೋಯಿತು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಮೇಡಮ್ ಬಿಸಿಲಿಗೆ ಕೈ ಅಡ್ಡ ಹಿಡಿದು, ಹೊಗೆ ಬಾಗಿದ ರೀತಿಯನ್ನೇ ನೋಡುತ್ತಿದ್ದರು. ನನಗೆ ಅವರನ್ನು ನೋಡುವುದೇ ಸಾಕಾಗಿತ್ತು.

ಮಳೆಗಾಲ ಜೋರಾದ ಮೇಲೆ ಒಂದು ದಿನ ವಿಭಾಗದ ಫೋನು ರಿಂಗಾಯಿತು. ನಾನೇ ಎತ್ತಿದೆ. ಖಾನಾಪುರದಿಂದ ಮಾಲೀಕರು.

“ಸರ, ಮ್ಯಾಡಮ್ಮರಿಗೆ ಹೇಳ್ರಿ. ಭಟ್ಟಿ ತುಂಬಿ ತಯಾರ ಇಟ್ಟೇನಿ. ಆದ್ರ ಅರಿವಿ ಅಡ್ಡ ನಿಂತೈತಿ. ಬೆಂಕಿ ಹಚ್ಚಿಲ್ಲ. ಗಾಳಿ ಇಳಿದ ಮ್ಯಾಲ ಹಚ್ಚತೀನಿ. ಬರೋಬ್ಬರಿ ಐತಿಲ್ಲೋ?”

ನಾನು ಮೇಡಮ್‌ಗೆ ರಿಸೀವರ್ ಕೊಟ್ಟೆ. “ಬರೋಬ್ಬರಿ ಅದ್ರಿ,” ಎಂದರು ಅವರು. “ಇನ್ನ ಮ್ಯಾಲ ನನ್ನ ಕೇಳಬ್ಯಾಡ್ರಿ. ಅಲ್ಲಿ ಗಾಳಿ ನಿಮಗ ಕಾಣತದ, ನನಗ ಕಾಣೂದಿಲ್ಲ.”

ಫೋನಿಟ್ಟು ನನ್ನ ಕಡೆ ತಿರುಗಿದರು.

“ಇಷ್ಟು ವರ್ಷ ಪಾಠ ಮಾಡೀನಿ,” ಎಂದರು. “ಪರೀಕ್ಷಾದಾಗ ಎಲ್ಲಾರೂ ಸೂತ್ರ ಬರೀತಾರ. ಆ ಸೂತ್ರ ಎಲ್ಲಿಗೆ ನಿಲ್ಲತದ ಅಂತ ತಾವಾಗಿ ಫೋನ್ ಮಾಡಿ ಹೇಳಿದವರು ಇವರೊಬ್ಬರ ನೋಡು.”